ಪೆನ್‌ಡ್ರೈವಿಗೆ ದೊಡ್ಡ ಫೈಲು ತುಂಬುವ ಬಗೆ



ಈಗ ನಮ್ಮ ಹಳ್ಳಿಗಳಲ್ಲಿ ಪೆನ್‌ಡ್ರೈವ್ ಇಲ್ಲದ ಮನೆ ವಿರಳ. ಟ್ರ್ಯಾಕ್ಟರಿನಲ್ಲಿ ಹಾಡು ಕೇಳಲು ಒಂದು, ಮಗಳ ಮದುವೆಯ ಚಿತ್ರಗಳಿಗೆ ಒಂದು, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಕೇಳಿದ ಉಪನ್ಯಾಸಕ್ಕೆ ಇನ್ನೊಂದು. ಬೆರಳುದ್ದದ ಈ ಸಾಮಾನು ಉತಾರದ ಪ್ರತಿಯಿಂದ ಹಿಡಿದು ಹೊಲದ ನಕ್ಷೆಯವರೆಗೆ ಎಲ್ಲವನ್ನೂ ಹೊತ್ತು ತಿರುಗುತ್ತದೆ. ಆದರೆ ನಾವು ಕೊಟ್ಟ ಸರಕನ್ನು ಅದು ನಿಜವಾಗಿ ಯಾವಾಗ ಹೊತ್ತುಕೊಂಡಿತು ಎಂಬುದನ್ನು ಬಲ್ಲವರು ಕಡಿಮೆ. ಕಂಪ್ಯೂಟರಿನ ಪರದೆಯ ಮೇಲೆ ‘ನಕಲು ಮುಗಿಯಿತು’ ಎಂದು ಕಂಡ ಕೂಡಲೇ ಕಿತ್ತು ಜೇಬಿಗೆ ಹಾಕುವವರೇ ಹೆಚ್ಚು. ಮನೆಗೆ ಹೋಗಿ ಟಿ.ವಿ.ಗೆ ಚುಚ್ಚಿ ನೋಡಿದರೆ ಫೈಲಿನ ಹೆಸರಿದೆ, ಒಳಗೆ ಏನೂ ಇಲ್ಲ. ಹೀಗೇಕೆ ಆಗುತ್ತದೆ, ಆಗದಂತೆ ಏನು ಮಾಡಬೇಕು ಎಂಬುದನ್ನು ಈ ಸಲ ತಿಳಿದುಕೊಳ್ಳೋಣ.

ಇಲ್ಲಿ ಹೇಳುವುದು ಮುಖ್ಯವಾಗಿ ಲಿನಕ್ಸ್ ಇರುವ ಕಂಪ್ಯೂಟರಿನ ಮಾತು. ಕಾರಣವಿದೆ. ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ೨೦೨೫ರ ಅಕ್ಟೋಬರ್ ೧೪ಕ್ಕೆ ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯನ್ನು ಹಳೆಯ ಯಂತ್ರಗಳು ಹೊರಲಾರವು. ಹೀಗಾಗಿ ಕಾಲೇಜಿಗೆ ಹೋಗುವ ಹುಡುಗರು ಮನೆಯ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಮತ್ತೆ ನಾಲ್ಕು ವರ್ಷ ದುಡಿಸುತ್ತಿದ್ದಾರೆ. ಫಿನ್ಲೆಂಡ್ ದೇಶದ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ೧೯೯೧ರಲ್ಲಿ ಆರಂಭಿಸಿದ ಈ ವ್ಯವಸ್ಥೆಗೆ ಕಾಸು ಕೊಡಬೇಕಾಗಿಲ್ಲ. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಹಂಚಬಹುದು. ಕೇರಳದ ಸರಕಾರಿ ಶಾಲೆಗಳಲ್ಲಿ ಇದು ರೂಢಿಯಾಗಿ ಬಹಳ ವರ್ಷಗಳಾದವು. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳೂ ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ. ಯಂತ್ರ ಒಳ್ಳೆಯದು, ಆದರೆ ಅದರ ಸ್ವಭಾವ ತಿಳಿದಿರಬೇಕು. ಹೊಸ ಎತ್ತು ಕೊಂಡವನು ಮೊದಲು ಅದರ ನಡೆ ನೋಡುವುದಿಲ್ಲವೇ?

ಹೋದರೆ ಹೋಯಿತು, ಮತ್ತೆ ತುಂಬಿಕೊಂಡರಾಯಿತು ಎನ್ನುವವರಿಗೆ ಒಂದು ಮಾತು. ಸಿನೆಮಾ ಹೋದರೆ ಹಾಗೆನ್ನಬಹುದು. ಆದರೆ ನಮ್ಮ ಭಾಗದಲ್ಲಿ ಸುಗ್ಗಿಯ ರಾತ್ರಿ ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿಸುತ್ತ ಹಾಡುತ್ತಿದ್ದ ಹಂತಿಯ ಹಾಡುಗಳನ್ನು ನೆನೆಯಿರಿ. ರಾಶಿ ಮಾಡುವ ಯಂತ್ರ ಬಂದ ಮೇಲೆ ಹಂತಿ ಕಟ್ಟುವುದು ಹೋಯಿತು, ಹಾಡುವ ಹಿರಿಯರು ಊರಿಗೊಬ್ಬರು ಇಬ್ಬರು ಉಳಿದರು. ಅವರ ಮುಂದೆ ಫೋನು ಹಿಡಿದು ಹಾಡಿಸಿಟ್ಟುಕೊಂಡ ಮೊಮ್ಮಕ್ಕಳು ಇದ್ದಾರೆ. ಆ ಹಿರಿಯರು ತೀರಿಹೋದ ಮೇಲೆ ಆ ಫೈಲು ಹಾಳಾದರೆ ಯಾವ ಪೇಟೆಯಲ್ಲಿ ಕೊಂಡು ತರುತ್ತೀರಿ? ೨೦೧೯ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಎರೆ ಹೊಲಗಳು ಮುಳುಗಿದಾಗ ತೆಗೆದಿಟ್ಟ ಚಿತ್ರಗಳೂ ಹಾಗೆಯೇ. ಆ ದಿನ ಮತ್ತೆ ಬರುವುದಿಲ್ಲ, ಬಾರದಿರಲಿ.

ಪಡಸಾಲೆ ಮತ್ತು ಹಗೇವು

ಕಂಪ್ಯೂಟರಿನೊಳಗೆ ನಡೆಯುವುದನ್ನು ನಮ್ಮ ಮನೆಯ ಲೆಕ್ಕದಲ್ಲಿಯೇ ನೋಡಬಹುದು. ಹೊಲದಿಂದ ಜೋಳದ ಚೀಲಗಳು ಟ್ರ್ಯಾಕ್ಟರಿನಲ್ಲಿ ಬಂದವು. ಅವುಗಳನ್ನು ಹಗೇವಿಗೆ ತುಂಬಬೇಕು. ಹಗೇವಿನ ಬಾಯಿ ಚಿಕ್ಕದು. ಒಂದೊಂದೇ ಚೀಲ ಬಿಚ್ಚಿ ಸುರಿಯಬೇಕು. ಟ್ರ್ಯಾಕ್ಟರಿನವನು ಅಷ್ಟು ಹೊತ್ತು ಕಾಯುವುದಿಲ್ಲ. ಆದ್ದರಿಂದ ಹಮಾಲರು ಎಲ್ಲ ಚೀಲಗಳನ್ನೂ ದಡದಡ ಪಡಸಾಲೆಯಲ್ಲಿ ಇಳಿಸುತ್ತಾರೆ. ಟ್ರ್ಯಾಕ್ಟರ್ ಖಾಲಿಯಾಯಿತು, ಅವನು ‘ಮುಗೀತು’ ಎಂದು ಹೊರಟುಹೋದ. ಹಗೇವು ತುಂಬಿತೇ? ಇಲ್ಲ. ಮನೆಯ ಆಳು ಇನ್ನು ನಿಧಾನವಾಗಿ ಪಡಸಾಲೆಯಿಂದ ಒಂದೊಂದೇ ಚೀಲ ಹೊತ್ತು ಹಗೇವಿಗೆ ಸುರಿಯಬೇಕಾಗಿದೆ.

ಕಂಪ್ಯೂಟರಿನಲ್ಲಿ ‘ರ‍್ಯಾಮ್’ ಎಂಬ ತಾತ್ಕಾಲಿಕ ನೆನಪು ಇರುತ್ತದೆ. ಅದೇ ಪಡಸಾಲೆ. ಪೆನ್‌ಡ್ರೈವ್ ಹಗೇವು. ನೀವು ಫೈಲು ನಕಲು ಮಾಡಿದಾಗ ಲಿನಕ್ಸ್ ಅದನ್ನು ಮೊದಲು ರ‍್ಯಾಮಿನಲ್ಲಿ ಇಳಿಸಿಕೊಳ್ಳುತ್ತದೆ. ಪರದೆಯ ಮೇಲೆ ಓಡುವ ಪಟ್ಟಿ ತೋರಿಸುವುದು ಈ ಇಳಿಸುವ ಕೆಲಸವನ್ನು. ಆಮೇಲೆ ಹಿಂದಿನಿಂದ ಆಳಿನ ಹಾಗೆ ಕೆಲಸ ಮಾಡುವ ಒಂದು ಭಾಗ ಐದೈದು ಸೆಕೆಂಡಿಗೆ ಎದ್ದು ನೋಡಿ, ಮೂವತ್ತು ಸೆಕೆಂಡಿಗಿಂತ ಹಳೆಯದಾದ ಸರಕನ್ನು ಪೆನ್‌ಡ್ರೈವಿಗೆ ಸಾಗಿಸಲು ತೊಡಗುತ್ತದೆ. ಸರಕು ಬಹಳವಾದರೆ ಅದಕ್ಕೂ ಮೊದಲೇ ಸುರುಮಾಡುತ್ತದೆ. ಇದು ಸಾಮಾನ್ಯ ಕಟ್ಟಳೆ. ಯಂತ್ರ ನಿಮಗೆ ಸುಳ್ಳು ಹೇಳಿತೆಂದು ಬೈಯಬೇಡಿರಿ. ನೀವು ಕಾಯಬಾರದೆಂದೇ ಈ ಏರ್ಪಾಡು. ಒಳಗಿನ ಡಿಸ್ಕಿನ ಮಟ್ಟಿಗೆ ಇದು ಬಹಳ ಉಪಯೋಗಿ, ಏಕೆಂದರೆ ಆ ಡಿಸ್ಕನ್ನು ಯಾರೂ ಕಿತ್ತುಕೊಂಡು ಓಡುವುದಿಲ್ಲ.

‘ಹಾಗಾದರೆ ಅರ್ಧ ನಿಮಿಷ ಕಾದರೆ ಸಾಕಲ್ಲ’ ಎಂದು ಕೆಲವರು ಹೇಳುವುದುಂಟು. ಇದು ತಪ್ಪು ಲೆಕ್ಕ. ಮೂವತ್ತು ಸೆಕೆಂಡು ಎಂಬುದು ಆಳು ಚೀಲ ಎತ್ತಲು ಸುರುಮಾಡುವ ಹೊತ್ತು, ಮುಗಿಸುವ ಹೊತ್ತಲ್ಲ. ಒಂದು ಲೆಕ್ಕ ಮಾಡಿ ನೋಡೋಣ. ನಿಮ್ಮ ಯಂತ್ರಕ್ಕೆ ೮ ಜಿ.ಬಿ. ರ‍್ಯಾಮ್ ಇದೆ, ಅದರಲ್ಲಿ ಬೇರೆ ಕೆಲಸಕ್ಕೆ ಹೋಗಿ ೬ ಜಿ.ಬಿ. ಖಾಲಿ ಎನ್ನಿ. ಇಂಥ ಖಾಲಿ ಜಾಗದ ನೂರಕ್ಕೆ ಇಪ್ಪತ್ತು ಪಾಲಿನವರೆಗೆ ಸರಕು ಇಳಿಸಿಕೊಳ್ಳಲು ಲಿನಕ್ಸ್ ಸಾಮಾನ್ಯವಾಗಿ ಒಪ್ಪುತ್ತದೆ. ಅಂದರೆ ೧.೨ ಜಿ.ಬಿ. ಪಡಸಾಲೆಯಲ್ಲಿ ಕೂತಿರಬಹುದು. ಅಗ್ಗದ ಪೆನ್‌ಡ್ರೈವ್ ಒಂದು ಸೆಕೆಂಡಿಗೆ ೮ ಎಂ.ಬಿ. ಬರೆದುಕೊಂಡರೆ, ಈ ಉಳಿದ ಸರಕಿಗೆ ೧೫೦ ಸೆಕೆಂಡು ಬೇಕು. ಪಟ್ಟಿ ಪೂರ್ತಿ ತುಂಬಿ ಮಾಯವಾದ ಮೇಲೆಯೂ ಎರಡೂವರೆ ನಿಮಿಷದ ಕೆಲಸ ಬಾಕಿ ಇರುತ್ತದೆ. ಯಂತ್ರ ದೊಡ್ಡದಾದಷ್ಟೂ ಪಡಸಾಲೆ ದೊಡ್ಡದು, ಬಾಕಿಯೂ ಹೆಚ್ಚು. ೧೬ ಜಿ.ಬಿ. ರ‍್ಯಾಮ್ ಇರುವವರು ಹೆಮ್ಮೆಪಡುವ ಮೊದಲು ಇದನ್ನು ನೆನಪಿಡುವುದು ಒಳ್ಳೆಯದು.

ದೊಡ್ಡ ಫೈಲು ನಕಲಾಗುವಾಗ ಪಟ್ಟಿ ಮೊದಲು ಕುದುರೆಯಂತೆ ಓಡಿ, ಆಮೇಲೆ ಒಮ್ಮೆಲೆ ನಿಂತುಬಿಡುವುದನ್ನು ನೀವು ನೋಡಿರಬಹುದು. ಇದಕ್ಕೂ ಅದೇ ಕಾರಣ. ಪಡಸಾಲೆ ತುಂಬುವವರೆಗೆ ಓಟ, ತುಂಬಿದ ಮೇಲೆ ಹಗೇವಿನ ಬಾಯಿಯ ವೇಗ. ಯಂತ್ರ ಕೆಟ್ಟಿತೆಂದು ತಿಳಿದು ಆ ಹೊತ್ತಿಗೆ ಕಿತ್ತವರ ಫೈಲು ಹಾಳಾಗುವುದು ಖಂಡಿತ. ನಿಂತಂತೆ ಕಂಡರೆ ಚಹಾ ಕುಡಿದು ಬನ್ನಿರಿ. ೪ ಜಿ.ಬಿ. ಫೈಲಿಗೆ ಮೇಲೆ ಹೇಳಿದ ವೇಗದಲ್ಲಿ ಎಂಟು ನಿಮಿಷದ ಮೇಲೆಯೇ ಹಿಡಿಯುತ್ತದೆ, ೧೨ ಜಿ.ಬಿ.ಗೆ ೨೫ ನಿಮಿಷ.

ನಡುವೆ ಕಿತ್ತರೆ ಆ ಒಂದು ಫೈಲು ಮಾತ್ರ ಕೆಡುತ್ತದೆಂದು ತಿಳಿಯಬಾರದು. ಪೆನ್‌ಡ್ರೈವಿನ ಮೊದಲ ಭಾಗದಲ್ಲಿ ಯಾವ ಫೈಲಿನ ಯಾವ ತುಂಡು ಎಲ್ಲಿದೆ ಎಂಬ ಖಾತೆ ಇರುತ್ತದೆ. ಹೊಸ ಫೈಲು ಬಂದಾಗ ಆ ಖಾತೆಯನ್ನೂ ತಿದ್ದಬೇಕು. ತಿದ್ದುವಾಗಲೇ ಕಿತ್ತರೆ ಖಾತೆ ಅರ್ಧ ಹೊಸದು, ಅರ್ಧ ಹಳೆಯದು ಆಗುತ್ತದೆ. ಆಗ ಎರಡು ವರ್ಷದ ಹಿಂದೆ ತುಂಬಿಟ್ಟ ಚಿತ್ರಗಳಿಗೂ ದಾರಿ ತಪ್ಪಬಹುದು. ಸರಕೆಲ್ಲ ಇದ್ದೂ ಲೆಕ್ಕದ ಪುಸ್ತಕ ಸುಟ್ಟ ಅಡತಿ ಅಂಗಡಿಯಂತೆ. ವಿದ್ಯುತ್ತು ಹೋದರೂ ಇದೇ ಗತಿ, ಏಕೆಂದರೆ ರ‍್ಯಾಮಿನಲ್ಲಿದ್ದುದು ವಿದ್ಯುತ್ತಿನೊಡನೆಯೇ ಅಳಿಸಿಹೋಗುತ್ತದೆ. ಬ್ಯಾಟರಿ ಇಲ್ಲದ ಮೇಜಿನ ಕಂಪ್ಯೂಟರ್ ಇರುವವರು ಕರೆಂಟು ಹೋಗಿ ಬರುವ ಹೊತ್ತಿನಲ್ಲಿ ದೊಡ್ಡ ನಕಲಿಗೆ ಕೈ ಹಾಕದಿರುವುದು ಮೇಲು.

ತೆಗೆಯುವ ಕ್ರಮ

ಕ್ರಮ ಸುಲಭ. ಫೈಲುಗಳನ್ನು ತೋರಿಸುವ ಕಿಟಕಿಯ ಎಡಬದಿಯಲ್ಲಿ ಪೆನ್‌ಡ್ರೈವಿನ ಹೆಸರು ಇರುತ್ತದೆ. ಅದರ ಪಕ್ಕದಲ್ಲಿ ಗೆರೆಯ ಮೇಲೆ ತ್ರಿಕೋನ ಕೂತಂಥ ಚಿಕ್ಕ ಗುರುತು. ಅದನ್ನು ಒತ್ತಿರಿ. ಆಗ ಲಿನಕ್ಸ್ ಪಡಸಾಲೆಯಲ್ಲಿ ಉಳಿದ ಚೀಲಗಳನ್ನೆಲ್ಲ ಹಗೇವಿಗೆ ಸುರಿದು, ಖಾತೆ ಬರೆದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತದೆ. ಬಾಕಿ ಹೆಚ್ಚಿದ್ದರೆ ‘ಇನ್ನೂ ಬರೆಯಲಾಗುತ್ತಿದೆ, ತೆಗೆಯಬೇಡಿ’ ಎಂಬ ಅರ್ಥದ ಸೂಚನೆ ಬರುತ್ತದೆ. ಮುಗಿದ ಮೇಲೆ ‘ಈಗ ತೆಗೆಯಬಹುದು’ ಎಂದು ಇನ್ನೊಂದು. ಈ ಎರಡನೆಯ ಸೂಚನೆ ಕಾಣುವವರೆಗೆ ಕೈ ಮುಟ್ಟಿಸಬಾರದು. ಪೆನ್‌ಡ್ರೈವಿಗೆ ಮಿಣುಕುವ ದೀಪವಿದ್ದರೆ ಅದೂ ಮಿಣುಕುವುದನ್ನು ನಿಲ್ಲಿಸಿರಬೇಕು.

ಕೆಲವೊಮ್ಮೆ ಗುರುತು ಒತ್ತಿದರೂ ‘ಡ್ರೈವ್ ಕೆಲಸದಲ್ಲಿದೆ’ ಎಂದು ಯಂತ್ರ ಒಪ್ಪುವುದಿಲ್ಲ. ಹಗೇವಿನೊಳಗೆ ಆಳು ಇರುವಾಗ ಬಾಯಿ ಮುಚ್ಚಲಾದೀತೇ? ಪೆನ್‌ಡ್ರೈವಿನಲ್ಲಿರುವ ವಿಡಿಯೋ ಇನ್ನೂ ಓಡುತ್ತಿರಬಹುದು, ಒಂದು ಚಿತ್ರ ತೆರೆದೇ ಇರಬಹುದು. ಅವನ್ನು ಮುಚ್ಚಿ ಮತ್ತೆ ಒತ್ತಿದರೆ ಒಪ್ಪುತ್ತದೆ. ಒಪ್ಪಲಿಲ್ಲವೆಂದು ಜಗ್ಗುವುದು ಬೇಡ. ಏನೂ ತಿಳಿಯದಿದ್ದರೆ ಕಂಪ್ಯೂಟರನ್ನೇ ಕ್ರಮವಾಗಿ ಆರಿಸಿರಿ. ಆರುವ ಮೊದಲು ಅದು ಎಲ್ಲ ಬಾಕಿಯನ್ನೂ ತೀರಿಸುತ್ತದೆ.

ಅಕ್ಷರದಲ್ಲಿ ಆಜ್ಞೆ ಬರೆಯುವ ‘ಟರ್ಮಿನಲ್’ ಎಂಬ ಕಪ್ಪು ಕಿಟಕಿ ಬಳಸುವ ಹುಡುಗರಿಗೆ ‘ಸಿಂಕ್’ ಎಂಬ ಆಜ್ಞೆ ಇದೆ. ಇಂಗ್ಲಿಷಿನ ಎಸ್, ವೈ, ಎನ್, ಸಿ ಎಂಬ ನಾಲ್ಕೇ ಅಕ್ಷರ. ಇದನ್ನು ಬರೆದು ಒತ್ತಿದರೆ ಬಾಕಿ ಸರಕೆಲ್ಲ ಬರೆದು ಮುಗಿಯುವವರೆಗೆ ಯಂತ್ರ ಮಾತಾಡುವುದಿಲ್ಲ. ಮುಗಿದ ಮೇಲೆ ಮುಂದಿನ ಸಾಲು ಕೊಡುತ್ತದೆ. ಅದಾದ ಮೇಲೆ ‘ಅಮೌಂಟ್’ ಆಜ್ಞೆಯಿಂದ ಡ್ರೈವನ್ನು ಕಳಚಬೇಕು. ಇದನ್ನು ಬರೆಯುವಾಗ ಯು ಆದ ಮೇಲೆ ನೇರ ಎಂ ಬರುತ್ತದೆ, ನಡುವೆ ಎನ್ ಇಲ್ಲ. ಇಂಗ್ಲಿಷ್ ಬಲ್ಲವರೇ ಇಲ್ಲಿ ಹೆಚ್ಚಾಗಿ ಎಡವುತ್ತಾರೆ. ಸಿಂಕ್ ಮಾತ್ರ ಮಾಡಿ ಕೀಳುವುದು ಸಾಲದು: ಚೀಲ ಸುರಿದಾಯಿತು, ಬಾಯಿ ತೆರೆದೇ ಇದೆ ಎಂದಂತೆ.

ಪಡಸಾಲೆಯೇ ಬೇಡ, ಪ್ರತಿ ಚೀಲವೂ ನೇರವಾಗಿ ಹಗೇವಿಗೇ ಬೀಳಲಿ ಎಂದು ಡ್ರೈವನ್ನು ಜೋಡಿಸುವ ಬಗೆಯೂ ಒಂದಿದೆ. ನಮ್ಮ ಅಭಿಪ್ರಾಯದಲ್ಲಿ ಅದು ಬೇಡ. ತುಂಡು ತುಂಡಿಗೂ ಖಾತೆ ತಿದ್ದಬೇಕಾಗಿ ಬರವಣಿಗೆ ಬಹಳ ನಿಧಾನವಾಗುತ್ತದೆ, ಪೆನ್‌ಡ್ರೈವ್ ಕೂಡ ಬೇಗ ಸವೆಯುತ್ತದೆ. ಅದರೊಳಗಿನ ಪ್ರತಿ ಕೋಣೆಯೂ ಇಂತಿಷ್ಟು ಸಲ ಮಾತ್ರ ಬರೆಸಿಕೊಳ್ಳಬಲ್ಲುದು.

ನಾಲ್ಕು ಜಿ.ಬಿ.ಯ ಗಡಿ

ಇನ್ನೊಂದು ತೊಡಕು ಬೇರೆ ಜಾತಿಯದು. ಪೆನ್‌ಡ್ರೈವಿನಲ್ಲಿ ಎಷ್ಟೋ ಜಾಗ ಖಾಲಿ ಇದ್ದರೂ ಫೈಲು ತೀರ ದೊಡ್ಡದೆಂದು ಯಂತ್ರ ನಿರಾಕರಿಸುತ್ತದೆ. ೩೨ ಜಿ.ಬಿ. ಮತ್ತು ಅದಕ್ಕಿಂತ ಚಿಕ್ಕ ಪೆನ್‌ಡ್ರೈವುಗಳು ಅಂಗಡಿಯಿಂದ ಬರುವಾಗ ಸಾಮಾನ್ಯವಾಗಿ ‘ಫ್ಯಾಟ್ ೩೨’ ಎಂಬ ಹಳೆಯ ಖಾತೆ ಪದ್ಧತಿಯಲ್ಲಿ ಇರುತ್ತವೆ. ಆ ಖಾತೆಯಲ್ಲಿ ಒಂದು ಫೈಲಿನ ಉದ್ದ ಬರೆಯಲು ಇರುವ ಜಾಗವೇ ೪ ಜಿ.ಬಿ.ಯವರೆಗೆ. ಈಗಿನ ಫೋನಿನಲ್ಲಿ ಅರ್ಧ ತಾಸಿನ ಚಿತ್ರೀಕರಣ ಸಾಮಾನ್ಯವಾಗಿ ಅಲ್ಲಿಗೆ ಮುಟ್ಟುತ್ತದೆ. ಮೇಳದ ಒಂದು ತಾಸಿನ ಉಪನ್ಯಾಸ ಹಿಡಿಸುವುದಿಲ್ಲ.

ಇದಕ್ಕೆ ಪರಿಹಾರ ‘ಎಕ್ಸ್‌ಫ್ಯಾಟ್’ ಎಂಬ ಹೊಸ ಪದ್ಧತಿ. ೨೦೨೦ರಲ್ಲಿ ಬಂದ ಲಿನಕ್ಸಿನ ೫.೭ನೆಯ ಆವೃತ್ತಿಯಿಂದೀಚೆಗೆ ಇದಕ್ಕೆ ಬೇಕಾದ ಒಳ್ಳೆಯ ಏರ್ಪಾಡು ಲಿನಕ್ಸಿನಲ್ಲಿಯೇ ಇದೆ. ವಿಂಡೋಸಿಗೂ ಇದು ತಿಳಿಯುತ್ತದೆ. ಆದರೆ ಪದ್ಧತಿ ಬದಲಿಸುವುದೆಂದರೆ ‘ಫಾರ್ಮ್ಯಾಟ್’ ಮಾಡುವುದು, ಅಂದರೆ ಒಳಗಿದ್ದುದೆಲ್ಲ ಹೋಗುವುದು. ಮೊದಲು ಎಲ್ಲವನ್ನೂ ಬೇರೆ ಕಡೆ ತೆಗೆದಿಡಬೇಕು. ಹಳೆಯ ಟಿ.ವಿ., ಟ್ರ್ಯಾಕ್ಟರಿನ ಹಾಡಿನ ಪೆಟ್ಟಿಗೆ ಇಂಥವು ಎಕ್ಸ್‌ಫ್ಯಾಟ್ ಓದದಿರಬಹುದು. ಆದ್ದರಿಂದ ಹಾಡಿಗೆ ಒಂದು, ದೊಡ್ಡ ಫೈಲಿಗೆ ಒಂದು ಎಂದು ಎರಡು ಡ್ರೈವ್ ಬೇರೆ ಬೇರೆ ಇಟ್ಟುಕೊಳ್ಳುವುದು ಅನುಕೂಲ.

ತಾಳೆ ನೋಡುವುದು

ಮುಖ್ಯವಾದ ಫೈಲನ್ನು ಎಂದೂ ‘ಕತ್ತರಿಸಿ ಅಂಟಿಸ’ಬೇಡಿರಿ, ನಕಲು ಮಾಡಿರಿ. ಹಗೇವು ಮುಚ್ಚುವ ಮೊದಲೇ ಕಣ ಗುಡಿಸುವವರುಂಟೇ? ನಕಲು ಆದ ಮೇಲೆ ಮೇಲಿನ ಕ್ರಮದಂತೆ ಪೆನ್‌ಡ್ರೈವ್ ಹೊರಗೆ ತೆಗೆದು, ಮತ್ತೆ ಚುಚ್ಚಿ ನೋಡಿರಿ. ಹೀಗೆ ತೆಗೆದು ಚುಚ್ಚುವುದರಲ್ಲಿ ಅರ್ಥವಿದೆ. ತೆಗೆಯದೆ ಫೈಲು ತೆರೆದರೆ ಯಂತ್ರವು ತನ್ನ ಪಡಸಾಲೆಯಲ್ಲಿ ಉಳಿದ ಪ್ರತಿಯನ್ನೇ ತೋರಿಸಬಹುದು. ಪೆನ್‌ಡ್ರೈವಿನಲ್ಲಿ ಏನಿದೆ ಎಂಬುದು ಅದರಿಂದ ತಿಳಿಯುವುದಿಲ್ಲ. ವಿಡಿಯೋ ಆಗಿದ್ದರೆ ಮೊದಲು, ನಡುವೆ, ಕೊನೆಗೆ ಒಂದೊಂದು ನಿಮಿಷ ಓಡಿಸಿ ನೋಡಿರಿ. ಕೆಡುವುದು ಹೆಚ್ಚಾಗಿ ಕೊನೆಯ ಭಾಗ.

ಚೂರೂ ಸಂಶಯ ಉಳಿಯಬಾರದೆಂದರೆ ‘ಎಸ್‌ಎಚ್‌ಎ ೨೫೬ ಸಮ್’ ಎಂಬ ಆಜ್ಞೆ ಇದೆ. ಅದು ಫೈಲನ್ನು ಪೂರ್ತಿ ಓದಿ ೬೪ ಅಕ್ಷರ-ಅಂಕಿಗಳ ಒಂದು ಮುದ್ರೆ ಕೊಡುತ್ತದೆ. ಮೂಲ ಫೈಲಿನ ಮುದ್ರೆ, ಪೆನ್‌ಡ್ರೈವಿನ ಫೈಲಿನ ಮುದ್ರೆ ಎರಡೂ ಒಂದೇ ಇದ್ದರೆ ಅಕ್ಷರವೂ ಹೆಚ್ಚುಕಡಿಮೆಯಾಗಿಲ್ಲ ಎಂದು ನಂಬಬಹುದು. ಈ ತಾಳೆ ಆದ ಮೇಲೆಯೇ ಫೋನಿನಲ್ಲಿದ್ದುದನ್ನು ಅಳಿಸಬೇಕು. ಹಂತಿಯ ಹಾಡಿನಂಥ ಫೈಲಿಗೆ ಒಂದು ಪ್ರತಿ ಸಾಲದು, ಎರಡು ಇರಲಿ, ಎರಡೂ ಒಂದೇ ಟ್ರಂಕಿನಲ್ಲಿ ಬೇಡ. ಪೆನ್‌ಡ್ರೈವ್ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೂ ಅದರೊಳಗಿನ ವಿದ್ಯುತ್ ಕಣಗಳು ಸೋರಿ ಬರೆದದ್ದು ಮಾಸಬಹುದು.

ಪೇಟೆಯಲ್ಲಿ ೨ ಟಿ.ಬಿ. ಎಂದು ಬರೆದ ಪೆನ್‌ಡ್ರೈವನ್ನು ನಾಲ್ಕೈದು ನೂರು ರೂಪಾಯಿಗೆ ಮಾರುವುದನ್ನು ಕಂಡರೆ ಕೊಳ್ಳಬೇಡಿರಿ. ಒಳಗೆ ಅದರ ಒಂದು ಚೂರಷ್ಟೇ ಜಾಗ ಇದ್ದು, ಅದು ತುಂಬಿದ ಮೇಲೆ ಬಂದದ್ದೆಲ್ಲ ಹಳೆಯದರ ಮೇಲೆಯೇ ಬೀಳುತ್ತದೆ ಇಲ್ಲವೆ ಗಾಳಿಗೆ ಹೋಗುತ್ತದೆ. ಖಾತೆಯಲ್ಲಿ ಮಾತ್ರ ಎಲ್ಲ ಸರಿ ಇರುತ್ತದೆ. ಇಂಥ ಮೋಸ ಹಿಡಿಯಲು ಲಿನಕ್ಸಿನಲ್ಲಿ ‘ಎಫ್ ೩’ ಎಂಬ ಉಚಿತ ಸಾಧನ ಇದೆ. ಅದು ಡ್ರೈವನ್ನು ಪೂರ್ತಿ ತುಂಬಿ ಮತ್ತೆ ಓದಿ ನಿಜ ಹೇಳುತ್ತದೆ. ಆದರೆ ೩೨ ಜಿ.ಬಿ. ಡ್ರೈವ್ ಯಂತ್ರದಲ್ಲಿ ೨೯ರ ಆಸುಪಾಸು ಎಂದು ಕಂಡರೆ ಅದು ಮೋಸವಲ್ಲ. ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ಯಂತ್ರ ೧೦೨೪ರ ಲೆಕ್ಕ ಹಿಡಿಯುತ್ತದೆ, ಅಷ್ಟೇ ಭೇದ.

ಲಿನಕ್ಸನ್ನೇ ಪೆನ್‌ಡ್ರೈವಿಗೆ ಇಳಿಸುವಾಗ

ಬೇರೆ ಯಂತ್ರಕ್ಕೆ ಲಿನಕ್ಸ್ ಹಾಕಲು ಪೆನ್‌ಡ್ರೈವ್ ತಯಾರಿಸುವ ಹುಡುಗರು ‘ಡಿಡಿ’ ಎಂಬ ಆಜ್ಞೆ ಬಳಸುತ್ತಾರೆ. ಇದು ಕೊಡಲಿಯಂಥದು. ಇದು ಖಾತೆ ನೋಡುವುದಿಲ್ಲ, ಕೇಳುವುದಿಲ್ಲ; ತೋರಿಸಿದ ಡಿಸ್ಕಿನ ಮೇಲೆ ಮೊದಲಿನಿಂದ ಬರೆಯುತ್ತ ಹೋಗುತ್ತದೆ. ಯಂತ್ರದ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳಿರುತ್ತವೆ. ಒಂದಕ್ಷರ ತಪ್ಪಿದರೆ ಪೆನ್‌ಡ್ರೈವಿನ ಬದಲು ಮನೆಯ ಕಂಪ್ಯೂಟರಿನ ಡಿಸ್ಕೇ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ಎಲ್, ಎಸ್, ಬಿ, ಎಲ್, ಕೆ ಎಂಬ ಐದು ಅಕ್ಷರದ ಆಜ್ಞೆ ಕೊಟ್ಟು ಡಿಸ್ಕುಗಳ ಯಾದಿ ನೋಡಬೇಕು. ಗಾತ್ರ ನೋಡಿ ಗುರುತಿಸಬೇಕು: ನಾನೂರು ಚಿಲ್ಲರೆ ಜಿ.ಬಿ. ಇರುವುದು ಮನೆಯ ಡಿಸ್ಕು, ೨೯ ಇರುವುದು ಪೆನ್‌ಡ್ರೈವ್. ಇನ್ನೂ ಸಂಶಯವಿದ್ದರೆ ಪೆನ್‌ಡ್ರೈವ್ ಕಳಚಿ ಮತ್ತೆ ಯಾದಿ ನೋಡಿರಿ. ಮಾಯವಾದ ಹೆಸರೇ ಅದರದು. ಡಿಡಿ ಆಜ್ಞೆಯ ಕೊನೆಗೆ ‘ಕಾನ್ವ್ ಸಮ ಎಫ್‌ಸಿಂಕ್’ ಎಂಬುದನ್ನು ಸೇರಿಸಿದರೆ ಎಲ್ಲವೂ ಡ್ರೈವಿಗೆ ಇಳಿದ ಮೇಲೆಯೇ ಅದು ಮುಗಿಯಿತೆನ್ನುತ್ತದೆ. ಸೇರಿಸದಿದ್ದರೆ ಮತ್ತೆ ಪಡಸಾಲೆಯ ಕಥೆಯೇ.

ಆಗಲೇ ಕಿತ್ತಾಗಿದೆ, ಫೈಲು ಕಾಣುತ್ತಿಲ್ಲ ಎನ್ನುವವರು ಏನು ಮಾಡಬೇಕು? ಎಲ್ಲಕ್ಕಿಂತ ಮೊದಲು ಆ ಪೆನ್‌ಡ್ರೈವಿಗೆ ಹೊಸದೇನನ್ನೂ ತುಂಬುವುದನ್ನು ನಿಲ್ಲಿಸಬೇಕು. ಫಾರ್ಮ್ಯಾಟ್ ಮಾಡೆಂದು ಯಂತ್ರ ಕೇಳಿದರೆ ಒಪ್ಪಬಾರದು. ಖಾತೆ ಹೋಗಿದ್ದರೂ ಸರಕು ಹೆಚ್ಚಾಗಿ ಅಲ್ಲಿಯೇ ಇರುತ್ತದೆ. ‘ಫೋಟೋರೆಕ್’ ಎಂಬ ಉಚಿತ ಸಾಧನ ಖಾತೆ ನೋಡದೆ ಡ್ರೈವನ್ನು ಮೂಲೆಮೂಲೆ ಹುಡುಕಿ ಚಿತ್ರ, ವಿಡಿಯೋ, ಧ್ವನಿಗಳನ್ನು ಹೊರಗೆ ತೆಗೆಯಬಲ್ಲುದು. ಹೆಸರು ಸಿಗುವುದಿಲ್ಲ, ಅಂಕಿಗಳಿರುತ್ತವೆ. ಒಂದೊಂದೇ ತೆರೆದು ಗುರುತಿಸಿಕೊಳ್ಳಬೇಕು. ಪಡಸಾಲೆಯಿಂದ ಹಗೇವಿಗೆ ಬಾರದೇ ಉಳಿದದ್ದನ್ನು ಮಾತ್ರ ಯಾವ ಸಾಧನವೂ ತರಲಾರದು. ಖಾತೆ ರಿಪೇರಿ ಮಾಡುವ ‘ಎಫ್‌ಎಸ್‌ಸಿಕೆ’ ಆಜ್ಞೆಯನ್ನು ಈ ಹುಡುಕಾಟ ಮುಗಿದ ಮೇಲೆ ಓಡಿಸಬೇಕು, ಮೊದಲು ಅಲ್ಲ. ಸಿಕ್ಕ ಫೈಲುಗಳನ್ನು ಕಂಪ್ಯೂಟರಿನ ಡಿಸ್ಕಿಗೆ ಇಳಿಸಿಕೊಳ್ಳಬೇಕೇ ಹೊರತು ಅದೇ ಪೆನ್‌ಡ್ರೈವಿಗೆ ಬರೆಸಬಾರದು.